ಕೌಲ್ ಬಜಾರ್: ಕೊಟ್ಟ ಮಾತಿನ ಮೇಲೆ ನಿಂತ ಪೇಟೆ

ಚರಿತ್ರೆಯೆಂದ ಕೂಡಲೆ ನಮ್ಮ ಮನಸ್ಸು ಹಂಪೆಯ ಕಡೆಗೋ, ಬಳ್ಳಾರಿಯ ಗುಡ್ಡದ ಮೇಲಣ ಕೋಟೆಯ ಕಡೆಗೋ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಕಡೆಗೋ ಓಡುವುದು ಸಹಜವೇ. ಅರಸರು ಆಳಿದ ಸ್ಥಳಗಳಿಗೆ ಮಾತ್ರ ಚರಿತ್ರೆಯುಂಟು, ನಾವು ದಿನಾಲು ನಡೆದಾಡುವ ಬೀದಿಗೆ ಅದಿಲ್ಲವೆಂದು ನಾವು ಎಣಿಸುತ್ತೇವೆ. ಇದು ಸರಿಯಾದ ಎಣಿಕೆಯಲ್ಲ. ಜನರು ಕೂಡಿ ಬಾಳಿದ ಕಡೆಯಲ್ಲೆಲ್ಲಾ ಚರಿತ್ರೆಯುಂಟು. ಆದಕಾರಣ ನಮ್ಮ ಬಳ್ಳಾರಿಯ ಕೌಲ್ ಬಜಾರೆಂಬ ಪೇಟೆಯನ್ನೇ ಈ ಪಾಠಕ್ಕೆ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಪೇಟೆ ಹುಟ್ಟಿದ ಬಗೆ

1800ನೆಯ ಇಸವಿಯಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಈ ಸೀಮೆಗಳಿಗೆ ದತ್ತ ಮಂಡಲಗಳೆಂಬ ಹೆಸರಾಯಿತು. ಥಾಮಸ್ ಮನ್ರೋ ಎಂಬವನು ಇವುಗಳ ಮುಖ್ಯ ಕಲೆಕ್ಟರನಾಗಿ ಬಂದನು. ಬಳ್ಳಾರಿಯಲ್ಲಿ ಕಂಪೆನಿಯ ದಂಡು ಬಂದು ಇಳಿಯಿತು. ದಂಡೆಂದರೆ ಸಿಪಾಯಿಗಳು ಮಾತ್ರವಲ್ಲ. ಅವರಿಗೆ ಅಕ್ಕಿ ಬೇಳೆ ಮಾರುವವರು ಬೇಕು, ಕುದುರೆಗಳಿಗೆ ಹುಲ್ಲು ಹುರುಳಿ ತರುವವರು ಬೇಕು, ಬಟ್ಟೆ ಹೊಲಿಯುವ ದರ್ಜಿಗಳೂ ಒಗೆಯುವ ಮಡಿವಾಳರೂ ಬೇಕು. ಹೀಗೆ ದಂಡಿನ ಮಗ್ಗುಲಲ್ಲಿ ಒಂದು ಪೇಟೆ ಬೆಳೆಯಿತು. ಅದೇ ಕೌಲ್ ಬಜಾರು.

ಹೆಸರಿನ ಅರ್ಥ

ಇದೇ ಊರಿನ ಬ್ರೂಸ್ ಪೇಟೆಗೆ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಸರುಂಟು. ಕೌಲ್ ಬಜಾರಿಗಾದರೋ ಯಾವ ಮನುಷ್ಯನ ಹೆಸರೂ ಇಲ್ಲ. ಕೌಲು ಎಂಬುದು ಅರಬ್ಬೀ ಭಾಷೆಯಿಂದ ಬಂದ ಶಬ್ದ. ‘ಮಾತು’ ಎಂಬುದೇ ಅದರ ಮೂಲಾರ್ಥ. ನಮ್ಮ ದೇಶದಲ್ಲಿ ಅದಕ್ಕೆ ಕರಾರು, ಗುತ್ತಿಗೆ, ಅಭಯಪತ್ರ ಎಂಬ ಅರ್ಥಗಳು ಸೇರಿದವು. ನೆರೆಯ ಆಂಧ್ರದಲ್ಲಿ ಗೇಣಿ ರೈತನನ್ನು ಈಗಲೂ ಕೌಲು ರೈತನೆಂದೇ ಕರೆಯುತ್ತಾರೆ. ಬೀಳುಬಿದ್ದ ನೆಲದಲ್ಲಿ ಜನರು ಬಂದು ನೆಲಸಬೇಕಾದಾಗ ಸರಕಾರದವರು ಅವರಿಗೆ ಕೌಲು ಕೊಡುತ್ತಿದ್ದರು. ‘ನೀವು ಬಂದು ನೆಲಸಿರಿ, ಇಷ್ಟು ಕಾಲ ನಿಮ್ಮಿಂದ ಇಷ್ಟೇ ತೆರಿಗೆಯನ್ನು ತೆಗೆದುಕೊಳ್ಳುವೆವು, ಹೆಚ್ಚು ಕೇಳೆವು’ ಎಂಬುದು ಅದರ ಸಾರಾಂಶ. ಇಂಥ ಕರಾರಿನಿಂದಲೇ ಈ ಬಜಾರಿಗೆ ಹೆಸರು ಬಂದಿತೆಂದು ಹೇಳುವರು.

ಓದುವ ಸೋದರಿಯರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೌಲಿಗೆ ಎರಡು ಪಕ್ಷಗಳುಂಟು. ಕೊಟ್ಟವನು ಮಾತಿಗೆ ತಪ್ಪಿದರೆ ಜನರು ಗಂಟುಮೂಟೆ ಕಟ್ಟಿ ಹೊರಟುಹೋಗುವರು; ಪಡೆದವರು ತಪ್ಪಿದರೆ ಪೇಟೆಯೇ ನಿಲ್ಲದು. ದಂಡು ಎಂದೋ ಹೊರಟುಹೋಯಿತು. ಆದರೆ ಅದನ್ನು ನಂಬಿ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಉಳಿದರು.

ಕೂಡಿ ಬಾಳಿದ ಜನ

ದಂಡಿನ ಹಿಂದೆ ಬಂದವರು ಒಂದೇ ಸೀಮೆಯವರಲ್ಲ. ಆದಕಾರಣ ಕೌಲ್ ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಲ್ಲಿಯ ಹುಡುಗಿಯು ಮನೆಯಲ್ಲಿ ಒಂದು ಭಾಷೆಯನ್ನೂ, ನೆರೆಮನೆಯಲ್ಲಿ ಇನ್ನೊಂದನ್ನೂ, ಶಾಲೆಯಲ್ಲಿ ಮತ್ತೊಂದನ್ನೂ ಆಡುವುದು ಆಶ್ಚರ್ಯವಲ್ಲ.

ಈ ನೆರೆತನಕ್ಕೆ ಕಷ್ಟಕಾಲಗಳೂ ಬಂದವು. 1876ರಿಂದ 1878ರ ವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಆಗ ಬಳ್ಳಾರಿಗೆ ರೈಲು ಬಂದಿತ್ತು. ಆದರೆ ರೈಲಿನಲ್ಲಿ ಬಂದ ಧಾನ್ಯದ ಬೆಲೆ ಬಡವರ ಕೈಗೆಟುಕಲಿಲ್ಲ. ಪೇಟೆಯಲ್ಲಿ ಧಾನ್ಯವಿದ್ದ ಮಾತ್ರಕ್ಕೆ ಹಸಿವು ತೀರದೆಂಬುದನ್ನು ಈ ಜಿಲ್ಲೆ ಆಗ ಕಲಿಯಿತು.

1953ನೆಯ ಅಕ್ಟೋಬರ್ 1ನೆಯ ತಾರೀಖಿನಲ್ಲಿ ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಊರು ಯಾರದೆಂಬ ವಾದವು ಬಹಳ ಬಿರುಸಾಗಿಯೇ ನಡೆದಿತ್ತು. ನಕ್ಷೆಯ ಮೇಲೆ ಗೆರೆ ಎಳೆಯುವುದು ಸಾಧ್ಯ. ಒಂದೇ ಗೋಡೆಗೆ ಆತುಕೊಂಡ ಎರಡು ಮನೆಗಳ ನಡುವೆ ಎಳೆಯುವುದು ಹೇಗೆ? ಕೌಲ್ ಬಜಾರಿನ ಕನ್ನಡಿಗರೂ ತೆಲುಗರೂ ವಾದ ಮುಗಿದ ಮೇಲೆಯೂ ನೆರೆಯವರಾಗಿಯೇ ಉಳಿದರು.

ಕಸಬು

ಬಂಡಿಹಟ್ಟಿ, ಬೆಳಗಲ್ ಕ್ರಾಸ್, ಮೊದಲ ಗೇಟು, ಎರಡನೆಯ ಗೇಟು ಎಂಬ ಹೆಸರುಗಳು ಇಲ್ಲಿಯವರೆಲ್ಲರ ಬಾಯಲ್ಲಿರುವವು. ಈ ಪೇಟೆಯ ಹೆಸರಾದ ಕಸಬು ಹೊಲಿಗೆ. ಸಿಪಾಯಿಗಳ ಸಮವಸ್ತ್ರ ಹೊಲಿದ ದರ್ಜಿಗಳ ವಿದ್ಯೆಯೇ ಮುಂದೆ ಜೀನ್ಸ್ ಉಡುಪಿಗೆ ತಿರುಗಿತೆಂದು ಹೇಳುವರು. ಬಳ್ಳಾರಿಯ ಜೀನ್ಸ್ ಈಗ ದೂರದ ಊರುಗಳಿಗೂ ಹೋಗುತ್ತದೆ. ಗುಂಡಿ ಹಚ್ಚುವುದು, ಉಳಿದ ನೂಲು ಕತ್ತರಿಸುವುದು ಮುಂತಾದ ಸಣ್ಣ ಕೆಲಸಗಳನ್ನು ಹೆಂಗಸರು ಮನೆಯಲ್ಲಿಯೇ ಮಾಡುವರು. ಎಣಿಸಿ ಕೊಡುವ ಈ ಕೂಲಿಯಿಂದ ಎಷ್ಟೋ ಹುಡುಗಿಯರ ಶಾಲೆಯ ಖರ್ಚು ನಡೆಯುವುದು. ಆದರೆ ಬಟ್ಟೆ ತೊಳೆದ ಬಣ್ಣದ ನೀರನ್ನು ಶುದ್ಧಮಾಡದೆ ಬಿಟ್ಟರೆ ಅದು ನೆಲವನ್ನೂ ಬಾವಿಯನ್ನೂ ಕೆಡಿಸುವುದು. ಹೊಟ್ಟೆಗೆ ಹಾಕುವ ಕಸಬೇ ನೆರೆಯವರ ನೀರಿಗೆ ಮುಳುವಾಗಬಾರದು.

ನೀರು

ಬಳ್ಳಾರಿಯು ಮಳೆ ಕಡಿಮೆಯಾದ ಬಿಸಿಲ ಸೀಮೆ. 1953ರಿಂದ ತುಂಗಭದ್ರೆಯ ಅಣೆಕಟ್ಟಿನ ಕಾಲುವೆಗಳು ಹರಿಯತೊಡಗಿದ ಮೇಲೆ ಸೀಮೆಯ ಸ್ಥಿತಿ ಬದಲಾಯಿತು. ಸಿರುಗುಪ್ಪದ ಭತ್ತವೂ, ಕುರುಗೋಡಿನ ಮೆಣಸಿನಕಾಯಿಯೂ, ಬಳ್ಳಾರಿಯ ಕುಡಿಯುವ ನೀರೂ ಆ ಒಂದೇ ನದಿಯನ್ನು ನಂಬಿಕೊಂಡಿವೆ. 2024ನೆಯ ಆಗಸ್ಟ್ 10ನೆಯ ತಾರೀಖಿನ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಹೊಲದ ರೈತನಿಗೂ ಪೇಟೆಯ ಗೃಹಿಣಿಗೂ ಒಂದೇ ಭಯವುಂಟಾಯಿತು. ಕೆಲಸಗಾರರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಕೂಡಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯನ್ನು ಮುಚ್ಚಿದರು. ಅವರ ಸಾಹಸವನ್ನು ನಾವು ಮರೆಯತಕ್ಕದ್ದಲ್ಲ.

ಕಲಿಯತಕ್ಕದ್ದೇನು?

ಪೇಟೆಯನ್ನು ಕಲ್ಲು ಗಾರೆಗಳು ಮಾತ್ರ ಹಿಡಿದು ನಿಲ್ಲಿಸಲಾರವು. ಪೌರಸಭೆಯವರು ನೀರು, ದೀಪ, ಚರಂಡಿಗಳ ವಿಷಯದಲ್ಲಿ ತಮ್ಮ ಕೌಲನ್ನು ನಡೆಸಬೇಕು; ನಾವು ಅದನ್ನು ಕೇಳಲು ಸಂಕೋಚಪಡಬಾರದು. ಹಾಗೆಯೇ ನಲ್ಲಿಯ ಬಳಿಯಲ್ಲಿ ಸರದಿಯನ್ನು ಕಾಯುವುದು, ಕಸವನ್ನು ನೆರೆಯವರ ಬಾಗಿಲಿಗೆ ತಳ್ಳದಿರುವುದು, ಇನ್ನೊಬ್ಬರ ಭಾಷೆಯನ್ನು ಹಾಸ್ಯಮಾಡದಿರುವುದು, ಇವು ನಮ್ಮ ಪಾಲಿನ ಕೌಲು.

ಅಭ್ಯಾಸ

1. ನಿಮ್ಮ ಬೀದಿಗೆ ಆ ಹೆಸರು ಹೇಗೆ ಬಂದಿತೆಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.
2. ನಿಮ್ಮ ಮನೆಯ ನೀರು ಎಲ್ಲಿಂದ, ಎಷ್ಟು ದಿನಗಳಿಗೊಮ್ಮೆ ಬರುತ್ತದೆಂಬುದನ್ನು ಒಂದು ತಿಂಗಳು ಬರೆದಿಡಿರಿ.
3. ನಿಮ್ಮ ನೆರೆಮನೆಯವರು ನಿಮ್ಮಿಂದ ಯಾವ ಮಾತನ್ನು ನಂಬಿಕೊಂಡಿದ್ದಾರೆ? ಯೋಚಿಸಿ ಉತ್ತರಿಸಿರಿ.