ಏರ್‌ಬ್ಯಾಗ್ ಲೈಟ್ ಆರುತ್ತಿಲ್ವಾ? ಮೊದಲು ವೋಲ್ಟೇಜ್ ನೋಡೋಣ

ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ಸಿಸ್ಟಮ್‌ನಲ್ಲಿ ದೋಷ ಇದೆ ಅಂತ ಅರ್ಥ. ಅಪಘಾತವಾದಾಗ ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು.

ಸ್ಕ್ಯಾನರ್‌ನಲ್ಲಿ ಕಡಿಮೆ ವೋಲ್ಟೇಜ್ ಕೋಡ್ ಬಂದ ತಕ್ಷಣ ಕಂಟ್ರೋಲ್ ಯೂನಿಟ್ ಬದಲಿಸೋದು ಬೇಡ. ನಾವು ಮೂರು ಕಡೆ ನೋಡೋಣ.

1. ಬ್ಯಾಟರಿ: ಫುಲ್ ಚಾರ್ಜ್ ಇದ್ದು ಎಂಜಿನ್ ಆಫ್ ಆಗಿದ್ದರೆ ಸುಮಾರು 12.6 ವೋಲ್ಟ್. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5.

2. ಫ್ಯೂಸ್: ಕಣ್ಣಲ್ಲಿ ನೋಡಿದರೆ ಸಾಲದು. ಕೀ ಆನ್ ಇಟ್ಟು ಎರಡೂ ತುದಿ ಅಳೆಯಬೇಕು. ಒಂದೇ ತುದಿಯಲ್ಲಿ ವೋಲ್ಟೇಜ್ ಇದ್ದರೆ ಫ್ಯೂಸ್ ಹೋಗಿದೆ.

3. ಗ್ರೌಂಡ್: ಇಲ್ಲಿ ಓಮ್‌ನ ನಿಯಮ ಕೆಲಸಕ್ಕೆ ಬರುತ್ತೆ. ತುಕ್ಕು ಹಿಡಿದ ಜಾಯಿಂಟ್‌ನಲ್ಲಿ 2 ಓಮ್ ರೋಧ ಇದ್ದು 0.5 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ಹೋಗುತ್ತೆ. ಕರೆಂಟ್ ಹರಿಯದಿದ್ದರೆ ಈ ನಷ್ಟ ಮೀಟರಿಗೆ ಕಾಣೋದೇ ಇಲ್ಲ. ಅದಕ್ಕೇ ಸಿಸ್ಟಮ್ ಆನ್ ಇರುವಾಗಲೇ ಬ್ಯಾಟರಿ ನೆಗೆಟಿವ್‌ಗೂ ಗ್ರೌಂಡ್‌ಗೂ ನಡುವೆ ಅಳೆಯಬೇಕು.

ಇನ್ನು ಎಚ್ಚರಿಕೆ. ಹಳದಿ ಕನೆಕ್ಟರ್ ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದು, ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಲೇಬೇಕು. ಡಿಕ್ಕಿಯಲ್ಲಿ ಬ್ಯಾಟರಿ ಕಡಿದುಹೋದರೂ ಬ್ಯಾಗ್ ಸಿಡಿಯಲಿ ಅಂತ ಯೂನಿಟ್‌ನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಏರ್‌ಬ್ಯಾಗ್‌ಗೆ ನೇರವಾಗಿ ಓಮ್‌ಮೀಟರ್ ಹಿಡಿಯಲೇಬಾರದು. ರೋಧ ಅಳೆಯಲು ಮೀಟರ್ ತಾನೇ ಕರೆಂಟ್ ಕಳಿಸುತ್ತೆ, ಅದರಿಂದ ಬ್ಯಾಗ್ ಸಿಡಿಯಬಹುದು. ಪರೀಕ್ಷೆಗೆ ಬ್ಯಾಗಿನ ಜಾಗದಲ್ಲಿ ಮ್ಯಾನ್ಯುಯಲ್ ಹೇಳಿದ, ಸಾಮಾನ್ಯವಾಗಿ 2 ಓಮ್ ಆಸುಪಾಸಿನ, ರೆಸಿಸ್ಟರ್ ಹಾಕುತ್ತಾರೆ. ಆಗ ಕೋಡ್ ಹೋದರೆ ವೈರಿಂಗ್ ಸರಿ ಇದೆ, ದೋಷ ಬ್ಯಾಗಿನ ಕಡೆ ಅಂತ ತಿಳಿಯುತ್ತೆ.