ಆ್ಯಪ್‌ಗೂ ಮುಂಚೆ ಒಂದು ನಕ್ಷೆ

ಹ್ಯಾಕಥಾನ್‌ಗಳಲ್ಲಿ ‘ಕಾಫಿ ಬೆಳೆಗಾರರಿಗೆ ಆ್ಯಪ್’ ಅನ್ನೋ ಐಡಿಯಾ ಮತ್ತೆ ಮತ್ತೆ ಬರುತ್ತೆ. ಲಾಗಿನ್, ಡ್ಯಾಶ್‌ಬೋರ್ಡ್, ಚಾಟ್‌ಬಾಟ್ ಎಲ್ಲಾ ಇರುತ್ತೆ. ಮಾರಾಟದ ಪುಟದಲ್ಲಿ ಮಾತ್ರ ಎರಡೇ ಖಾನೆ: ಎಷ್ಟು ಕೆಜಿ, ಕೆಜಿಗೆ ಎಷ್ಟು ರೂಪಾಯಿ. ಮೂಡಿಗೆರೆ ಕಡೆಯ ಬೆಳೆಗಾರರಿಗೆ ಈ ಪುಟ ಯಾವ ಉಪಯೋಗಕ್ಕೂ ಬರಲ್ಲ. ಯಾಕೆ ಅಂತ ನೋಡೋಕೆ ರೆಫರೆನ್ಸ್ ಬಿಸಿನೆಸ್ ಆರ್ಕಿಟೆಕ್ಚರ್ ಒಳ್ಳೆ ದಾರಿ.

ಹೆಸರು ದೊಡ್ಡದು, ವಿಷಯ ಅಷ್ಟೇನೂ ಕಷ್ಟವಲ್ಲ. ಒಂದು ಸಂಸ್ಥೆ ಏನೇನು ಮಾಡಬಲ್ಲದು ಅನ್ನೋದನ್ನ ಚೌಕಗಳಲ್ಲಿ ಬರೆದ ನಕ್ಷೆ ಬಿಸಿನೆಸ್ ಆರ್ಕಿಟೆಕ್ಚರ್‌ನ ತಿರುಳು. ಒಂದೊಂದು ಚೌಕವೂ ಒಂದು ಕೇಪಬಿಲಿಟಿ. ಅದರಲ್ಲಿ ‘ಏನು’ ಅನ್ನೋದಷ್ಟೇ ಇರುತ್ತೆ. ಯಾರು, ಹೇಗೆ, ಯಾವ ಸಾಫ್ಟ್‌ವೇರ್ ಅನ್ನೋದೆಲ್ಲ ಆಮೇಲೆ. ಒಂದೇ ಉದ್ಯಮದವರ ಕೆಲಸಗಳು ಹೆಚ್ಚುಕಡಿಮೆ ಒಂದೇ ಆಗಿರೋದ್ರಿಂದ, ಮೊದಲೇ ಸಿದ್ಧವಿರುವ ಮಾದರಿ ನಕ್ಷೆ ತಗೊಂಡು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಆ ಮಾದರಿಯೇ ರೆಫರೆನ್ಸ್. ಬ್ಯಾಂಕುಗಳಿಗೆ ಬಿಯಾನ್ ಇದೆ, ಟೆಲಿಕಾಂಗೆ ಇಟಾಮ್ ಇದೆ, ಸಪ್ಲೈ ಚೈನ್‌ಗೆ 1996ರಲ್ಲಿ ಬಂದ ಸ್ಕೋರ್ ಇದೆ.

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ನಾಲ್ಕು ಎಕರೆ ಕಾಫಿ ತೋಟ ಇರುವ ಬೆಳೆಗಾರರೊಬ್ಬರನ್ನ ಊಹಿಸಿಕೊಂಡು ಸ್ಕೋರ್ ಹಚ್ಚಿ ನೋಡೋಣ. ‘ಖರೀದಿ’ ಚೌಕದಲ್ಲಿ ಗೊಬ್ಬರ, ಸುಣ್ಣ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ. ‘ತಯಾರಿ’ಯಲ್ಲಿ ಹಣ್ಣು ಕೊಯ್ಲು, ಪಲ್ಪಿಂಗ್, ಕಣದಲ್ಲಿ ಒಣಗಿಸೋದು. ‘ತಲುಪಿಸುವಿಕೆ’ಯಲ್ಲಿ ವ್ಯಾಪಾರಿಗೋ ಕ್ಯೂರಿಂಗ್ ವರ್ಕ್ಸ್‌ಗೋ ಹೋಗುವ ಮೂಟೆ. ‘ವಾಪಸಾತಿ’ ಚೌಕಕ್ಕೆ ಇಲ್ಲಿ ಕೆಲಸವೇ ಇಲ್ಲ, ತೆಗೆದುಬಿಡಬಹುದು. ಮಾದರಿಯಲ್ಲಿ ಇಲ್ಲದ ಒಂದು ಚೌಕ ನಾವೇ ಬರೀಬೇಕು: ಮಳೆ ಲೆಕ್ಕ. ಮಾರ್ಚ್-ಏಪ್ರಿಲ್‌ನ ಹೂಮಳೆ, ಅದಾದ ಮೇಲಿನ ಬ್ಯಾಕಿಂಗ್ ಮಳೆ ಸಮಯಕ್ಕೆ ಬಂತೋ ಇಲ್ಲವೋ ಅನ್ನೋದರ ಮೇಲೆ ವರ್ಷದ ಫಸಲು ನಿಂತಿದೆ. ಅದಕ್ಕೇ ತೋಟದ ಮನೆಗಳಲ್ಲಿ ಮಳೆಮಾಪಕ ಇರೋದು.

ಈಗ ಮಾರಾಟಕ್ಕೆ ಬರೋಣ. ‘ಕಾಫಿ’ ಅಂತ ಒಂದೇ ಸರಕು ಮಾರುಕಟ್ಟೆಯಲ್ಲಿ ಇಲ್ಲ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ ಅಂತ ನಾಲ್ಕು. ದರ ಹೇಳೋದು 50 ಕೆಜಿ ಮೂಟೆಗೆ. ಅದರ ಮೇಲೆ ಓಟಿ, ಅಂದರೆ ಔಟ್‌ಟರ್ನ್. 50 ಕೆಜಿ ಚೆರ್ರಿಯಲ್ಲಿ 26 ಕೆಜಿ ಬೀಜ ಸಿಕ್ಕರೆ ಓಟಿ 26. ಓಟಿ ಲೆಕ್ಕದಲ್ಲಿ ವ್ಯಾಪಾರ ಆದಾಗ ಒಂದು ಅಂಕ ಆಚೀಚೆ ಆದರೂ ಪ್ರತಿ ಮೂಟೆಗೂ ದುಡ್ಡು ಬದಲಾಗುತ್ತೆ. ತೇವಾಂಶದ ತಕರಾರು ಬೇರೆ. ಎರಡು ಖಾನೆಯ ಪುಟದಲ್ಲಿ ಇದೆಲ್ಲ ಎಲ್ಲಿ ಹಿಡಿಸುತ್ತೆ? ಕೋಡ್‌ನಲ್ಲಿ ಬಗ್ ಇಲ್ಲ, ಡೇಟಾಬೇಸ್ ಓಡುತ್ತೆ, ಆದರೆ ವ್ಯವಹಾರವೇ ಅದರೊಳಗೆ ಇಲ್ಲ. ಬಿಸಿನೆಸ್ಸಿಗೂ ಐಟಿಗೂ ತಾಳ ತಪ್ಪೋದು ಅಂದ್ರೆ ಇದೇ. ನಕ್ಷೆಯ ಜೊತೆಗೆ ಪದಗಳ ಅರ್ಥವನ್ನೂ ಬರೆದಿಡಬೇಕು ಅಂತ ಆರ್ಕಿಟೆಕ್ಟ್‌ಗಳು ಹಟ ಹಿಡಿಯೋದು ಇದಕ್ಕೇ.

ಚೌಕಗಳು ಬೇಗ ಬದಲಾಗಲ್ಲ ಅಂತ ಪುಸ್ತಕಗಳು ಹೇಳುತ್ತವೆ. ಬಹುಪಾಲು ನಿಜ, ಪೂರ್ತಿ ಅಲ್ಲ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಕಾಫಿಯನ್ನ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿ, ಕಂತುಗಳಲ್ಲಿ ದುಡ್ಡು ಕೊಡ್ತಿತ್ತು. 1990ರ ದಶಕದಲ್ಲಿ ಈ ವ್ಯವಸ್ಥೆ ಹೋಯ್ತು. ‘ಯಾವಾಗ, ಯಾರಿಗೆ, ಯಾವ ದರಕ್ಕೆ ಕೊಡೋದು’ ಅನ್ನೋ ಹೊಸ ಚೌಕವೊಂದು ಪ್ರತಿ ತೋಟದ ನಕ್ಷೆಗೂ ಬಂದು ಕೂತಿತು. ನ್ಯೂಯಾರ್ಕ್, ಲಂಡನ್ ದರಗಳನ್ನ ಇಲ್ಲಿನ ಬೆಳೆಗಾರರು ಗಮನಿಸೋದು ಆ ಚೌಕಕ್ಕಾಗಿ.

ಅದೇ ಬೆಳೆಗಾರರು ಒಂದು ಎಕರೆ ಮಾರಬೇಕಾಯ್ತು ಅನ್ನಿ. ಅವರ ಕಣ್ಣಿಗೆ ಅದು ಒಂದೇ ಕೆಲಸ: ಜಮೀನು ಕೈಬದಲಾಗೋದು. ಸರ್ಕಾರದಲ್ಲಿ ಅದು ಮೂರು ಕಡೆ ಹಂಚಿದೆ. ಪಹಣಿ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ, ನೋಂದಣಿ ಉಪನೋಂದಣಾಧಿಕಾರಿ ಕಚೇರಿಯ ‘ಕಾವೇರಿ’ಯಲ್ಲಿ, ಅಳತೆ ಸರ್ವೆಯವರ ‘ಮೋಜಿಣಿ’ಯಲ್ಲಿ. ಭೂಮಿಗೆ ಲೆಕ್ಕ ಅಂದ್ರೆ ಸರ್ವೆ ನಂಬರು, ಕಾವೇರಿಗೆ ದಸ್ತಾವೇಜು, ಮೋಜಿಣಿಗೆ ನಕ್ಷೆ. ಮೂರೂ ತಂತಮ್ಮ ಮಟ್ಟಿಗೆ ಸರಿ. ಆದರೆ ಒಂದರ ಮಾಹಿತಿ ಇನ್ನೊಂದಕ್ಕೆ ಹೋಗದಿದ್ದಾಗ ರಿಜಿಸ್ಟ್ರೇಷನ್ ಆದಮೇಲೂ ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಅಲೆಯೋದು ಜನರ ಪಾಲಿಗೇ ಬರ್ತಿತ್ತು. ಈಗ ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ ಮೊದಲು 11ಇ ಸ್ಕೆಚ್ ಬೇಕು. ನೋಂದಣಿ ಹೊತ್ತಲ್ಲಿ ಮಾಲೀಕರ ವಿವರ ಭೂಮಿಯಿಂದ ಬರುತ್ತೆ. ನೋಂದಣಿ ಮುಗಿದ ಮೇಲೆ ಜೆ-ಸ್ಲಿಪ್ ಕಾವೇರಿಯಿಂದ ಭೂಮಿಗೆ ಹೋಗಿ ಮ್ಯುಟೇಷನ್ ಶುರುವಾಗುತ್ತೆ. ಇಲ್ಲಿ ಹೊಸ ಇಲಾಖೆ ಹುಟ್ಟಲಿಲ್ಲ. ಮೂರು ಚೌಕಗಳ ನಡುವಿನ ಗೆರೆ ಎಳೆದರು, ಅಷ್ಟೇ. ಸರ್ಕಾರಕ್ಕೂ ಇಂಥ ಮಾದರಿಗಳು ಬೇಕು ಅಂತಾನೇ ಕೇಂದ್ರದ ಐಟಿ ಸಚಿವಾಲಯ 2018ರಲ್ಲಿ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಚೌಕಟ್ಟು ತಂದಿದ್ದು.

ಮಿನಿ ಪ್ರಾಜೆಕ್ಟಿಗೆ ಇದನ್ನ ಬಳಸೋದು ಹೀಗೆ. ಹತ್ತು-ಹನ್ನೆರಡು ಚೌಕ ಬರೆದು, ಪ್ರತಿಯೊಂದರಲ್ಲೂ ಈಗ ಕೆಲಸ ಯಾವುದರಿಂದ ನಡೀತಿದೆ ಅಂತ ಗುರುತು ಹಾಕಿ: ನೋಟ್‌ಬುಕ್ಕೋ, ವಾಟ್ಸ್‌ಆ್ಯಪ್ಪೋ, ನೆನಪೋ. ನಾಲ್ಕು ಎಕರೆಯವರ ಆಳು ಲೆಕ್ಕಕ್ಕೆ ನೋಟ್‌ಬುಕ್ ಧಾರಾಳ ಸಾಕು, ಅದನ್ನ ಮುಟ್ಟೋದು ಬೇಡ. ಯಾವ ಮೂಟೆಯ ಸ್ಯಾಂಪಲ್‌ಗೆ ಯಾರು ಎಷ್ಟು ಓಟಿ ಹೇಳಿದರು ಅನ್ನೋದು ಮಾತಿನಲ್ಲೇ ಉಳಿದಿದ್ದರೆ, ಮೊದಲ ಸ್ಕ್ರೀನ್ ಅಲ್ಲಿಂದ ಶುರುಮಾಡಿ. ಅದು ನೆಟ್‌ವರ್ಕ್ ಇಲ್ಲದಾಗಲೂ ಓಡಬೇಕು.