ಸ್ಥಳೀಯ ಆಡಳಿತದಲ್ಲಿ ನಾಗರಿಕ ಸಲಹಾ ಸಮಿತಿಗಳು: ಸುಸ್ಥಿರತೆಯ ಸಾಧನೆ ಮತ್ತು ವರ್ತಕರ ಪಾತ್ರ

ವ್ಯಾಪಾರದಲ್ಲಿ ಬಂಡವಾಳವನ್ನು ಕರಗಿಸಿ ಲಾಭವೆಂದು ತೋರಿಸುವವನನ್ನು ಯಾರೂ ಜಾಣನೆನ್ನುವುದಿಲ್ಲ. ನಗರಗಳ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ಕೆರೆ, ಅಂತರ್ಜಲ, ಖಾಲಿ ಭೂಮಿ, ಶುದ್ಧ ಗಾಳಿ ಇವು ನಗರದ ಮೂಲ ಬಂಡವಾಳ. ಇವುಗಳನ್ನು ವೆಚ್ಚ ಮಾಡಿಕೊಂಡು ಬೆಳೆಯುವ ನಗರ ಕೆಲವು ಕಾಲ ಸಮೃದ್ಧವಾಗಿ ಕಂಡರೂ ಅಂತಿಮವಾಗಿ ಸಾಲಗಾರನ ಸ್ಥಿತಿಗೆ ತಲುಪುತ್ತದೆ. ಬಂಡವಾಳವನ್ನು ಉಳಿಸಿಕೊಂಡು ಅದರ ಆದಾಯದಲ್ಲಿ ಬದುಕುವ ಈ ಕ್ರಮಕ್ಕೆ ಇಂದು ‘ಸುಸ್ಥಿರತೆ’ ಎಂಬ ಹೆಸರು ರೂಢಿಯಲ್ಲಿದೆ.

ಈ ಹೊಣೆ ನಗರ ಸ್ಥಳೀಯ ಸಂಸ್ಥೆಗಳ ಮೇಲಿದ್ದರೂ ಅಧಿಕಾರಿಗಳಿಂದ ಮತ್ತು ಚುನಾಯಿತ ಪ್ರತಿನಿಧಿಗಳಿಂದ ಮಾತ್ರವೇ ಇದು ನೆರವೇರುವುದಿಲ್ಲವೆಂಬುದು ಅನುಭವದಿಂದ ಸಿದ್ಧವಾಗಿದೆ. ನಾಗರಿಕರ ತಿಳಿವಳಿಕೆಯನ್ನು ಆಡಳಿತಕ್ಕೆ ಒದಗಿಸುವ ಸಲಹಾ ಸಮಿತಿಗಳ ಅಗತ್ಯ ಇಲ್ಲಿಯೇ ಉದ್ಭವಿಸುತ್ತದೆ. ಕಳೆದ ಎರಡೂವರೆ ದಶಕಗಳಲ್ಲಿ ಬೆಂಗಳೂರು ನಗರವು ಇಂತಹ ಸಮಿತಿಗಳ ಹಲವು ರೂಪಗಳನ್ನು ಕಂಡಿದೆ. ಅವುಗಳ ಸಾಧನೆ ಮತ್ತು ಮಿತಿಗಳ ಅಧ್ಯಯನವು ರಾಜ್ಯದ ಇತರ ನಗರಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಉಪಯುಕ್ತವಾಗಬಲ್ಲದು.

ಸಾಂವಿಧಾನಿಕ ಹಿನ್ನೆಲೆ

1992ರ ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಇದರ ಮೂಲಕ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ನೀರು ಪೂರೈಕೆ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ, ನಗರ ಅರಣ್ಯ ಹಾಗೂ ಪರಿಸರ ಸಂರಕ್ಷಣೆ ಈ ಪಟ್ಟಿಯಲ್ಲಿವೆ. 243-ಎಸ್ ವಿಧಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ರಚಿಸಬೇಕೆಂದು ವಿಧಿಸಿದೆ. ಹೀಗೆ ಪರಿಸರ ರಕ್ಷಣೆಯೂ ನಾಗರಿಕರ ಸಹಭಾಗಿತ್ವವೂ ಒಂದೇ ತಿದ್ದುಪಡಿಯಿಂದ ನಗರಾಡಳಿತದೊಳಗೆ ಪ್ರವೇಶ ಪಡೆದವು.

ಮೊದಲ ರೂಪ: ಸರ್ಕಾರ ನೇಮಿಸಿದ ಕಾರ್ಯಪಡೆ

1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರ್ಕಾರವು ‘ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್’ ಎಂಬ ಕಾರ್ಯಪಡೆಯನ್ನು ರಚಿಸಿತು. ಉದ್ಯಮಿ ನಂದನ್ ನಿಲೇಕಣಿ ಇದರ ಅಧ್ಯಕ್ಷರಾಗಿದ್ದರು. ಮಹಾನಗರ ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಜಲಮಂಡಳಿ, ವಿದ್ಯುತ್, ಸಾರಿಗೆ, ದೂರವಾಣಿ ಮತ್ತು ಪೊಲೀಸ್ ಹೀಗೆ ಏಳು ಸಂಸ್ಥೆಗಳೊಡನೆ ಈ ಪಡೆ ಕೆಲಸ ಮಾಡಿತು. ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕ ಸಭೆಗಳಲ್ಲಿ ತಮ್ಮ ಗುರಿಗಳನ್ನು ಮುಂಚಿತವಾಗಿ ಘೋಷಿಸಿ, ಮುಂದಿನ ಸಭೆಯಲ್ಲಿ ಅವುಗಳ ಪ್ರಗತಿಯನ್ನು ಒಪ್ಪಿಸುವ ಪದ್ಧತಿ ಆರಂಭವಾಯಿತು. ಮನೆ ಬಾಗಿಲಿನಿಂದ ಕಸ ಸಂಗ್ರಹಿಸುವ ‘ಸ್ವಚ್ಛ ಬೆಂಗಳೂರು’ ಕಾರ್ಯಕ್ರಮ ಈ ಅವಧಿಯದೇ. ಆಸ್ತಿ ತೆರಿಗೆಯ ಸ್ವಯಂ ಘೋಷಣಾ ಪದ್ಧತಿ 2000ರಲ್ಲಿ ಜಾರಿಗೆ ಬಂದಿತು.

ಆದರೆ ಈ ಕಾರ್ಯಪಡೆಗೆ ಶಾಸನದ ಬುನಾದಿ ಇರಲಿಲ್ಲ. ಚುನಾಯಿತ ಪ್ರತಿನಿಧಿಗಳನ್ನು ಬದಿಗಿರಿಸಿದ ಗಣ್ಯರ ಕೂಟವೆಂಬ ಟೀಕೆಗೂ ಅದು ಗುರಿಯಾಯಿತು. 2004ರಲ್ಲಿ ಸರ್ಕಾರ ಬದಲಾದೊಡನೆ ಅದರ ಕಾರ್ಯವೂ ನಿಂತುಹೋಯಿತು. ಗಮನಾರ್ಹ ಸಂಗತಿಯೆಂದರೆ, ಕಾರ್ಯಪಡೆ ಮರೆಯಾದರೂ ಸ್ವಯಂ ಘೋಷಣಾ ತೆರಿಗೆ ಪದ್ಧತಿ ಉಳಿಯಿತು. ಸಲಹೆಯು ಪಾಲಿಕೆಯ ದಿನನಿತ್ಯದ ಕಾರ್ಯವಿಧಾನದಲ್ಲಿ ಸೇರಿಹೋದರೆ ಸಲಹೆಗಾರರು ಇಲ್ಲದಾಗಲೂ ಬಾಳುತ್ತದೆ. ವ್ಯಕ್ತಿಗಳ ಪ್ರಭಾವವನ್ನೇ ನೆಚ್ಚಿದ ಕೆಲಸ ವ್ಯಕ್ತಿಗಳೊಡನೆಯೇ ತೆರಳುತ್ತದೆ. ಇದು ಮೊದಲ ಪಾಠ.

ಎರಡನೆಯ ರೂಪ: ಸ್ವಯಂಪ್ರೇರಿತ ನಾಗರಿಕ ತಜ್ಞರು

ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯು ದೇಶದ ತ್ಯಾಜ್ಯ ನಿರ್ವಹಣೆಯ ದಿಕ್ಕನ್ನೇ ಬದಲಿಸಿತು. ನ್ಯಾಯಾಲಯ ನೇಮಿಸಿದ ಸಮಿತಿಯ ವರದಿಯ ಹಿನ್ನೆಲೆಯಲ್ಲಿ 2000ದಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಹೊರಬಂದವು. ಆದರೆ ನಿಯಮ ಕಾಗದದಲ್ಲಿತ್ತು; ನಗರದ ಕಸವು ಬೇರ್ಪಡದೆ ಲಾರಿಗಳಲ್ಲಿ ಹೊರವಲಯದ ಹಳ್ಳಿಗಳಿಗೆ ಸಾಗುತ್ತಲೇ ಇತ್ತು.

ಇದರ ಫಲ 2012ರಲ್ಲಿ ಪ್ರಕಟವಾಯಿತು. ಮಾವಳ್ಳಿಪುರದ ತಾಣ ಮುಚ್ಚಿತು. ಮಂಡೂರಿನ ಗ್ರಾಮಸ್ಥರು ತಮ್ಮ ಊರಿನಲ್ಲಿ ಕಸ ಸುರಿಯುವುದನ್ನು ವಿರೋಧಿಸಿದರು. ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಅಂಗಡಿಯ ಮುಂದೆ ಕಸದ ರಾಶಿ ಬಿದ್ದಾಗ ಅಲ್ಲಿಗೆ ಗಿರಾಕಿ ಬರುವುದಿಲ್ಲವೆಂಬುದನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ. 2012ರ ಅಕ್ಟೋಬರ್ 1ರಿಂದ ಮೂಲದಲ್ಲಿಯೇ ಕಸ ವಿಂಗಡಣೆಯನ್ನು ಕಡ್ಡಾಯಗೊಳಿಸಲಾಯಿತು. ಮಂಡೂರಿನಲ್ಲಿ ಕಸ ಸುರಿಯುವುದು 2014ರ ಡಿಸೆಂಬರ್ 1ರಿಂದ ನಿಂತಿತು.

ಈ ಬಿಕ್ಕಟ್ಟಿನಲ್ಲಿ ಪಾಲಿಕೆಗೆ ಮಾರ್ಗ ತೋರಿದವರಲ್ಲಿ ‘ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನ’ ಸದಸ್ಯರು ಪ್ರಮುಖರು. 2009ರಲ್ಲಿ ಒಟ್ಟುಗೂಡಿದ ಈ ಸ್ವಯಂಸೇವಕರು ತಮ್ಮ ಬಡಾವಣೆಗಳಲ್ಲಿ ವಿಂಗಡಣೆಯನ್ನು ಮೊದಲು ಮಾಡಿ ತೋರಿಸಿ, ಬಳಿಕ ಸಲಹೆ ನೀಡಿದರು. ಹಸಿ ಕಸಕ್ಕೆ ಹಸಿರು ಡಬ್ಬಿ, ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ ಎಂಬ ಸರಳ ಕ್ರಮವನ್ನು ಅವರು ಪ್ರಚುರಪಡಿಸಿದರು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶವು ಇದಕ್ಕೆ ಬಲ ನೀಡಿತು. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳು ಸ್ಥಾಪನೆಯಾದವು. ಅವುಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ‘ಹಸಿರು ದಳ’ದಂತಹ ಸಂಘಟನೆಗಳ ನೆರವಿನಿಂದ ನಡೆಸತೊಡಗಿದರು.

ಎರಡನೆಯ ಪಾಠವೂ ಸ್ಪಷ್ಟವಾಗಿದೆ. ಕೆಲಸ ಮಾಡಿ ನೋಡಿದವರ ಸಲಹೆಗೆ ಅಧಿಕಾರಿಗಳಲ್ಲಿ ಬೆಲೆಯುಂಟು. ಆದರೆ ಸ್ವಯಂಪ್ರೇರಿತ ಕೂಟದ ಸಲಹೆ ಪಾಲಿಕೆಯನ್ನು ಬದ್ಧಗೊಳಿಸುವುದಿಲ್ಲ. ಅದಕ್ಕೆ ನ್ಯಾಯಾಲಯದ ಆದೇಶದ ಒತ್ತಾಸೆ ಬೇಕಾಯಿತು.

ಮೂರನೆಯ ರೂಪ: ಶಾಸನಬದ್ಧ ವಾರ್ಡ್ ಸಮಿತಿ

ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಹಿಂದೆ 100 ವಾರ್ಡುಗಳಿಗೆ ಸೇರಿ 30 ಸಮಿತಿಗಳಿದ್ದವು. ಹಲವು ವಾರ್ಡುಗಳಿಗೆ ಒಂದೇ ಸಮಿತಿಯಾದಾಗ ಅದು ಜನರಿಗೆ ಹತ್ತಿರವಾಗುವುದು ಕಷ್ಟ. 2011ರಲ್ಲಿ ಕರ್ನಾಟಕ ಪೌರ ನಿಗಮಗಳ ಅಧಿನಿಯಮಕ್ಕೆ ತಂದ ತಿದ್ದುಪಡಿಯು ಪ್ರತಿ ವಾರ್ಡಿಗೂ ಒಂದು ಸಮಿತಿಯನ್ನು ವಿಧಿಸಿತು. ಕಾರ್ಪೊರೇಟರ್ ಅಧ್ಯಕ್ಷರು, 10 ಮಂದಿ ನಾಮನಿರ್ದೇಶಿತ ಸದಸ್ಯರು. ಇವರಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನಗಳನ್ನು ಗೊತ್ತುಪಡಿಸಲಾಯಿತು. ವಾರ್ಡಿನ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಮತ್ತು ಹಣದ ಸದ್ಬಳಕೆಯ ಮೇಲ್ವಿಚಾರಣೆ ಸಮಿತಿಯ ಕರ್ತವ್ಯಗಳಲ್ಲಿ ಸೇರಿದವು.

ಶಾಸನವಾದರೂ ಸಮಿತಿಗಳು ತಾವಾಗಿ ಹುಟ್ಟಲಿಲ್ಲ. ಕಸದ ಮೊಕದ್ದಮೆಯ ವಿಚಾರಣೆಯಲ್ಲಿ ಉಚ್ಚ ನ್ಯಾಯಾಲಯವು ಮತ್ತೆ ಮತ್ತೆ ಸೂಚಿಸಿದ ಬಳಿಕ, 2017ರ ಅಂತ್ಯದ ವೇಳೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವಾರ್ಡ್ ಸಮಿತಿಗಳು ಸಭೆ ಸೇರತೊಡಗಿದವು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದಾಗ ಸಮಿತಿಗಳು ಅಧ್ಯಕ್ಷರಾದ ಕಾರ್ಪೊರೇಟರುಗಳನ್ನು ಕಳೆದುಕೊಂಡವು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹೊಸ ವ್ಯವಸ್ಥೆಗೆ ಆಧಾರವಾದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದಲ್ಲಿಯೂ ವಾರ್ಡ್ ಸಮಿತಿಗೆ ಅವಕಾಶವಿದೆ.

ಸಮಿತಿಯಿಂದ ಆಗುವ ಪ್ರಯೋಜನ

ಸಲಹಾ ಸಮಿತಿಗೆ ಹಣ ಮಂಜೂರು ಮಾಡುವ ಅಧಿಕಾರವಿಲ್ಲದಿದ್ದರೂ ಅದು ನಾಲ್ಕು ಬಗೆಯಲ್ಲಿ ಆಡಳಿತವನ್ನು ಸುಸ್ಥಿರತೆಯ ಕಡೆಗೆ ಒಯ್ಯಬಲ್ಲದು.

1. ಮಾಹಿತಿ: ಯಾವ ಬೀದಿಯಲ್ಲಿ ಎಷ್ಟು ಕಸ, ಯಾವ ಚರಂಡಿ ಮಳೆಗೆ ಉಕ್ಕುತ್ತದೆ, ಯಾವ ಕೊಳವೆ ಬಾವಿ ಬತ್ತಿದೆ ಎಂಬುದು ಸ್ಥಳೀಯರಿಗೆ ಮೊದಲು ತಿಳಿಯುತ್ತದೆ.

2. ದಾಖಲೆ: ಬಾಯಿಮಾತಿನ ದೂರು ಮರೆತುಹೋಗುತ್ತದೆ. ಸಭೆಯ ನಡವಳಿಯಲ್ಲಿ ದಾಖಲಾದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

3. ನಿರಂತರತೆ: ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ಗುತ್ತಿಗೆದಾರರು ಬದಲಾಗುತ್ತಾರೆ. ಕೆರೆ ಅಥವಾ ಮಾರುಕಟ್ಟೆಯ ಹಿಂದಿನ ಇತಿಹಾಸ ಸಮಿತಿಯ ಸದಸ್ಯರಲ್ಲಿ ಉಳಿದಿರುತ್ತದೆ.

4. ಸಂಧಾನ: ಗೊಬ್ಬರದ ಘಟಕ ಎಲ್ಲಿರಬೇಕು, ಕಸದ ಆಟೋ ಎಷ್ಟು ಹೊತ್ತಿಗೆ ಬರಬೇಕು ಎಂಬ ಪ್ರಶ್ನೆಗಳಲ್ಲಿ ಎಲ್ಲರ ಹಿತ ಒಂದೇ ಆಗಿರುವುದಿಲ್ಲ. ಎದುರುಬದುರು ಕುಳಿತು ಮಾತನಾಡಲು ಸಮಿತಿಯೇ ವೇದಿಕೆ.

ವರ್ತಕರ ಅನುಪಸ್ಥಿತಿ

2011ರ ತಿದ್ದುಪಡಿಯು ನಿವಾಸಿಗಳ ಸಂಘಗಳಿಗೆ ಸ್ಥಾನ ನೀಡಿತೇ ಹೊರತು ವರ್ತಕರ ಸಂಘಗಳಿಗೆ ಪ್ರತ್ಯೇಕ ಸ್ಥಾನವನ್ನು ಗೊತ್ತುಪಡಿಸಲಿಲ್ಲ. ಅಂಗಡಿ ಒಂದು ವಾರ್ಡಿನಲ್ಲಿ, ಮನೆ ಮತ್ತೊಂದು ವಾರ್ಡಿನಲ್ಲಿ ಇರುವ ವರ್ತಕನು ದಿನದ ಹೆಚ್ಚಿನ ಹೊತ್ತನ್ನು ಕಳೆಯುವ ಸ್ಥಳದಲ್ಲಿಯೇ ಧ್ವನಿಯಿಲ್ಲದವನಾಗುತ್ತಾನೆ. ಆದರೆ ನಿಯಮಗಳ ಭಾರ ಅವನ ಮೇಲೆ ಬೀಳದೆ ಇರುವುದಿಲ್ಲ.

2016ರ ಏಪ್ರಿಲಿನ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿವಾಸಿ ಸಂಘಗಳೊಡನೆ ಮಾರುಕಟ್ಟೆ ಸಂಘಗಳನ್ನೂ ಹೆಸರಿಸಿ, ಸ್ಥಳೀಯ ಸಂಸ್ಥೆಯ ಸಹಯೋಗದಲ್ಲಿ ವಿಂಗಡಣೆಯ ಹೊಣೆಯನ್ನು ಅವುಗಳಿಗೆ ವಹಿಸಿದವು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ತ್ಯಾಜ್ಯ ಉತ್ಪಾದಿಸುವವರನ್ನು ‘ಬೃಹತ್ ಉತ್ಪಾದಕ’ರೆಂದು ಗುರುತಿಸಿದವು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ ಮುಂತಾದವುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಅದೇ ವರ್ಷದ ಡಿಸೆಂಬರ್ 31ರಿಂದ ಕೈಚೀಲದ ಕನಿಷ್ಠ ದಪ್ಪ 120 ಮೈಕ್ರಾನಿಗೆ ಏರಿತು. ಇಂತಹ ಆದೇಶಗಳನ್ನು ವಾರ್ಡ್ ಸಮಿತಿ ಬದಲಿಸಲಾರದು. ಆದರೆ ಬದಲಿ ಚೀಲದ ಪೂರೈಕೆ, ಕಸ ಸಂಗ್ರಹದ ವೇಳೆ, ತಪಾಸಣೆಗೆ ಮುಂಚಿನ ತಿಳಿವಳಿಕೆ ಇವು ಸ್ಥಳೀಯ ಮಟ್ಟದಲ್ಲಿ ಇತ್ಯರ್ಥವಾಗಬಹುದಾದ ವಿಷಯಗಳು. ಸಭೆಗೆ ಹೋಗದ ವರ್ತಕನಿಗೆ ಪಾಲಿಕೆಯ ನಿರ್ಧಾರವು ದಂಡದ ರಸೀದಿಯ ಮೂಲಕವೇ ಮೊದಲು ತಿಳಿಯುತ್ತದೆ.

ಒಂದು ಲೆಕ್ಕದ ಉದಾಹರಣೆ

ಮಾರುಕಟ್ಟೆಯೊಂದರಲ್ಲಿ 40 ತರಕಾರಿ ಮತ್ತು ಹಣ್ಣಿನ ಅಂಗಡಿಗಳು, 50 ಕಿರಾಣಿ ಮತ್ತು ಜವಳಿ ಅಂಗಡಿಗಳು ಇವೆಯೆಂದು ಭಾವಿಸೋಣ. ತರಕಾರಿ ಅಂಗಡಿಯೊಂದು ದಿನಕ್ಕೆ 25 ಕಿಲೋ ಹಸಿ ಕಸವನ್ನು, ಉಳಿದ ಅಂಗಡಿಯೊಂದು 4 ಕಿಲೋ ರಟ್ಟು ಮತ್ತು ಕಾಗದವನ್ನು ಹೊರಹಾಕಿದರೆ, ಒಟ್ಟು 1000 ಕಿಲೋ ಹಸಿ ಕಸ ಮತ್ತು 200 ಕಿಲೋ ಒಣ ಕಸ ಸಂಗ್ರಹವಾಗುತ್ತದೆ. ಎರಡನ್ನೂ ಬೆರೆಸಿದರೆ 1200 ಕಿಲೋ ನಿರುಪಯುಕ್ತ ಕಸ; ರಟ್ಟು ತೊಯ್ದು ಗುಜರಿಗೂ ಬಾರದು, ತರಕಾರಿ ಸಿಪ್ಪೆ ಗೊಬ್ಬರಕ್ಕೂ ಒದಗದು. ಬೇರ್ಪಡಿಸಿದರೆ 200 ಕಿಲೋ ಮಾರಾಟಕ್ಕೆ, 1000 ಕಿಲೋ ಗೊಬ್ಬರ ಅಥವಾ ಅನಿಲ ಘಟಕಕ್ಕೆ ಸಲ್ಲುತ್ತದೆ. ಹೊರವಲಯದ ಹಳ್ಳಿಗೆ ಸಾಗಿಸಬೇಕಾದದ್ದು ಅತ್ಯಲ್ಪ. ಇಂತಹ ಲೆಕ್ಕವನ್ನು ಕೈಯಲ್ಲಿ ಹಿಡಿದು ಸಭೆಗೆ ಹೋದ ಸಂಘದ ಮಾತಿಗೆ ಬರಿಯ ದೂರಿಗಿಂತ ಹೆಚ್ಚು ತೂಕವಿರುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ತಮ್ಮ ಅಂಗಡಿ ಅಥವಾ ಘಟಕವಿರುವ ವಾರ್ಡಿನಲ್ಲಿ ಸಮಿತಿ ರಚನೆಯಾಗಿದೆಯೇ, ಸಭೆ ಯಾವಾಗ ನಡೆಯುತ್ತದೆ ಎಂಬುದನ್ನು ಪಾಲಿಕೆಯಿಂದ ತಿಳಿದುಕೊಳ್ಳುವುದು.

2. ಮಾರುಕಟ್ಟೆ ಸಂಘವನ್ನು ನೋಂದಾಯಿಸಿ, ವಾರ್ಡಿನ ನಿವಾಸಿಯೂ ಆಗಿರುವ ವರ್ತಕರ ಹೆಸರನ್ನು ನಾಮನಿರ್ದೇಶನಕ್ಕೆ ಸೂಚಿಸುವುದು.

3. ಒಂದು ವಾರದ ಕಾಲ ಕಸವನ್ನು ತೂಗಿ ಲೆಕ್ಕವಿಡುವುದು. ನೀರು ಮತ್ತು ವಿದ್ಯುತ್ತಿನ ಬಿಲ್ಲುಗಳನ್ನೂ ಒಂದೆಡೆ ಸೇರಿಸುವುದು.

4. ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಿ, ಅದು ನಡವಳಿಯಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.

5. ತ್ಯಾಜ್ಯ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇರಿಸಿಕೊಳ್ಳುವುದು.

6. ಬೇಡಿಕೆಯೊಡನೆ ತಮ್ಮ ಪಾಲಿನ ಹೊಣೆಯನ್ನೂ ಹೇಳುವುದು. ರಾತ್ರಿ ಅಂಗಡಿ ಮುಚ್ಚುವಾಗ ಕಸವನ್ನು ಚರಂಡಿಗೆ ಗುಡಿಸುವ ಮಾರುಕಟ್ಟೆಯು ಚರಂಡಿ ಕಟ್ಟಿತೆಂದು ದೂರುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತದೆ.

ಕಾರ್ಯಪಡೆಗೆ ಪ್ರಭಾವವಿತ್ತು, ಶಾಸನವಿರಲಿಲ್ಲ. ಸ್ವಯಂಸೇವಕರಿಗೆ ಅನುಭವವಿತ್ತು, ಅಧಿಕಾರವಿರಲಿಲ್ಲ. ವಾರ್ಡ್ ಸಮಿತಿಗೆ ಶಾಸನವಿದೆ. ಆದರೆ ಅದಕ್ಕೆ ಜೀವ ತುಂಬುವ ಜನ ಬೇಕು. ಲೆಕ್ಕ ಬರೆಯುವುದು, ಮಾತು ನಡೆಸಿ ವ್ಯವಹಾರ ಕುದುರಿಸುವುದು, ಕೊಟ್ಟ ಮಾತಿಗೆ ಗಡುವು ಕೇಳುವುದು ವರ್ತಕ ಸಮುದಾಯಕ್ಕೆ ಸಹಜವಾಗಿ ಬಂದಿರುವ ಗುಣಗಳು. ಇವುಗಳನ್ನು ತಿಂಗಳಿಗೊಮ್ಮೆ ಒಂದೆರಡು ಗಂಟೆಗಳ ಮಟ್ಟಿಗೆ ವಾರ್ಡಿನ ಸಭೆಗೆ ಮೀಸಲಿಟ್ಟರೆ, ಊರಿನ ಮೂಲ ಬಂಡವಾಳ ಮುಂದಿನ ಪೀಳಿಗೆಯ ವ್ಯಾಪಾರಕ್ಕೂ ಉಳಿದೀತು.